ಒಂಬತ್ತು ದಿನದ ಹಡಗು

ಬಹಳ ಬಹಳ ಹಿಂದೆ, ಕಡಲಿನ ಮೀನುಗಳಿಗೂ ಅಷ್ಟಿಷ್ಟು ಮಾತು ಬರುತ್ತಿದ್ದ ಕಾಲದಲ್ಲಿ, ಮೂಡಣತೀರ ಎಂಬ ರಾಜ್ಯವಿತ್ತು. ಅಲ್ಲಿಂದ ಒಂಬತ್ತು ದಿನ ನೀರಿನ ಮೇಲೆ ಹೋದರೆ ಪಡುವಣತೀರ ಎಂಬ ಇನ್ನೊಂದು ರಾಜ್ಯ. ಎರಡರ ನಡುವೆ ಓಡಾಡುತ್ತಿದ್ದದ್ದು ಒಂದೇ ಹಡಗು. ಅದರ ಹೆಸರು ಶರಧಿರಾಣಿ.

ಅದೆಂಥ ಹಡಗು ಅಂತೀರಿ! ಏಳು ಅಂತಸ್ತು, ನಾಲ್ಕು ಹೊಗೆಗೂಡು. ಹೊಟ್ಟೆಯೊಳಗೆ ನಾಲ್ಕು ಕಿಚ್ಚಿನ ಭೂತಗಳು ಕೂತು ಕಲ್ಲಿದ್ದಲು ತಿಂದು ಹಡಗನ್ನು ನಡೆಸುತ್ತಿದ್ದವು. ಮೇಲಿನ ಅಂತಸ್ತಿನಲ್ಲಿ ಸಾವಿರ ಜನ ಒಟ್ಟಿಗೆ ಉಣ್ಣುವ ಪಡಸಾಲೆ. ಅದರ ಸೂರಿಗೆ ಚಂದ್ರನ ಒಂದು ತುಂಡನ್ನು ತೂಗುಹಾಕಿದ್ದರು. ಕೆಳಗಿನ ಅಂತಸ್ತಿನಲ್ಲಿ ಚಾಪೆ ಹಾಸಿ ಮಲಗುವವರು. ಮೇಲಿನವರಿಗೆ ಕೇಸರಿಭಾತು, ಕೆಳಗಿನವರಿಗೆ ಗಂಜಿ. ಅದರಲ್ಲಿ ಮಾತ್ರ ಹಡಗೂ ಊರಿನ ಹಾಗೇ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಕಡಲು ಎಲ್ಲರಿಗೂ ಒಂದೇ. ಸಂಜೆಯಾದರೆ ಏಳೂ ಅಂತಸ್ತಿನವರು ಕಟಕಟೆ ಹಿಡಿದು ನಿಂತು, ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು.

ಹಡಗು ಹೊರಡುವ ದಿನ ಒಂದು ಪದ್ಧತಿಯಿತ್ತು. ಹೊರಡುವವರು ಬಣ್ಣದ ನೂಲಿನ ಒಂದು ತುದಿ ಹಿಡಿಯಬೇಕು, ದಡದಲ್ಲಿ ನಿಂತ ಅವರ ಮನೆಯವರು ಇನ್ನೊಂದು ತುದಿ. ಹಡಗು ಸರಿದಂತೆ ಸಾವಿರ ನೂಲು ಬಿಗಿಯುತ್ತಿದ್ದವು, ಕಡೆಗೆ ಒಂದೊಂದಾಗಿ ಕಡಿಯುತ್ತಿದ್ದವು. ಆ ತುಂಡನ್ನು ಯಾರೂ ಎಸೆಯುತ್ತಿರಲಿಲ್ಲ.

ಹೀಗಿರುವಾಗ ಚಿಟಿಕೆರಾಯ ಎಂಬ ಮಾಂತ್ರಿಕ ಬಂದ. ಎರಡು ರಾಜ್ಯದಲ್ಲೂ ಒಂದೊಂದು ಬಾಗಿಲು ನಿಲ್ಲಿಸಿದ. ಈ ಬಾಗಿಲಲ್ಲಿ ಕಾಲಿಟ್ಟು, ಅವನು ಚಿಟಿಕೆ ಹೊಡೆದರೆ, ಆ ಬಾಗಿಲಲ್ಲಿ ಹೊರಗೆ. ಕಾಸಿಲ್ಲ, ಕರಾರಿಲ್ಲ. ಜನ ಕುಣಿದಾಡಿದರು. ಹಡಗಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಿಚ್ಚಿನ ಭೂತಗಳು ಮುನಿಸಿಕೊಂಡು ಮಲಗಿದವು. ಹೊಗೆಗೂಡಿನಲ್ಲಿ ಪಾರಿವಾಳ ಸಂಸಾರ ಹೂಡಿತು.

ಆ ಹಡಗಿನ ಗಳಿಗೆಯವಳು ಸಂಪಿ. ಗಳಿಗೆಯವಳೆಂದರೆ ಹೊತ್ತು ನೋಡುವವಳು. ನೀರು ತುಂಬಿದ ಕೊಪ್ಪರಿಗೆಯಲ್ಲಿ ತಳ ತೂತಿನ ತಾಮ್ರದ ಬಟ್ಟಲು ತೇಲಿಬಿಡಬೇಕು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಮಧ್ಯಾಹ್ನದ ಬಟ್ಟಲು ಮುಳುಗಿದಾಗ ಜಾಗಟೆ ಬಾರಿಸಬೇಕು. ಹಡಗು ನಿಂತ ಮೇಲೂ ಸಂಪಿ ದಿನಾ ಹೋಗಿ ಬಟ್ಟಲು ಬಿಡುತ್ತಿದ್ದಳು. ಊರವರು ಅವಳನ್ನು ನೋಡಿ ನಗುತ್ತಿದ್ದರು.

ಸಂಪಿಯ ಅವ್ವ ದುಗ್ಗವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಾದ ಪದುಮೆಯನ್ನು ಪಡುವಣತೀರಕ್ಕೆ ಕೊಟ್ಟಿದ್ದರು. ಬಾಗಿಲು ಬಂದದ್ದೇ ದುಗ್ಗವ್ವ ತಿಂಗಳಿಗೆರಡು ಸಲ ಅಲ್ಲಿಗೆ ಹೋಗುವುದು, ಬರುವುದು. ಹೀಗೆ ನಲವತ್ತೊಂದು ಸಲ ಬಾಗಿಲು ದಾಟಿದ್ದಾಯಿತು. ಒಂದು ದಿನ ಪದುಮೆ ಅಳುತ್ತಾ ಬಾಗಿಲಿನಿಂದ ಹೊರಬಂದಳು.

"ಸಂಪೀ, ಅವ್ವ ನಮ್ಮನೇಲಿ ಕೂತಿದಾಳೆ. ಸಂಪಿ ಹೇಗಿದಾಳೆ ಅಂತ ಕೇಳಿದ್ರೆ, ಯಾವ ಸಂಪಿ ಅಂತಾಳೆ ಕಣೇ!"

ಸಂಪಿ ಹಡಗಿನ ಮುದಿ ಒಡೆಯ ಜಟ್ಟಪ್ಪ ತಂಡೇಲನ ಹತ್ತಿರ ಓಡಿದಳು. ಅವನು ಬಿಳಿ ಗಡ್ಡ ನೀವಿಕೊಂಡು ಹೇಳಿದ:

"ಒಂಬತ್ತು ದಿನದ ದಾರಿ ಒಂಬತ್ತು ದಿನ ಕೇಳಿಯೇ ಕೇಳ್ತದೆ ಮಗಾ. ನೀನು ನಡೆದು ಕೊಡದಿದ್ರೆ, ಬದುಕಿದ ದಿನಗಳಲ್ಲಿ ಒಂಬತ್ತು ಕಿತ್ಕೊಳ್ತದೆ. ಅವನ್ನೆಲ್ಲ ಚಿಟಿಕೆರಾಯ ನಡುಗಡಲಲ್ಲಿ, ಐದನೇ ದಿನದ ನೀರಲ್ಲಿ ಬಚ್ಚಿಟ್ಟಿರ್ಬೇಕು. ಅಲ್ಲಿಗೆ ಈಗ ಯಾರೂ ಹೋಗೋದಿಲ್ಲ ನೋಡು."

"ಹಾಗಾದ್ರೆ ನಾವು ಹೋಗೋಣ ತಂಡೇಲರೇ. ನನ್ನ ಅವ್ವನ ದಿನ ನನಗೆ ಬೇಕು."

ಮೊದಲು ಭೂತಗಳನ್ನು ಎಬ್ಬಿಸಬೇಕಿತ್ತು. ಸಂಪಿ ಹಡಗಿನ ಹೊಟ್ಟೆಗಿಳಿದು ಕರೆದಳು. ದೊಡ್ಡ ಭೂತ ಒಂದು ಕಣ್ಣು ತೆರೆದು ಕೇಳಿತು: "ದಡದಲ್ಲಿ ನೂಲು ಹಿಡಿಯೋರು ಯಾರಿದಾರೆ? ಕಳಿಸಿಕೊಡೋರು ಇಲ್ಲದ ಹಡಗನ್ನ ನಾವು ನಡೆಸೋದಿಲ್ಲ." ಮತ್ತೆ ಮಗ್ಗುಲಾಯಿತು.

ಸಂಪಿ ಬೀದಿ ಬೀದಿ ತಿರುಗಿದಳು. ಚಿಟಿಕೆಯಲ್ಲಿ ಹೋಗುವುದಕ್ಕೆ ಒಂಬತ್ತು ದಿನವೇ ಎಂದು ಜನ ನಕ್ಕರು. ಬೇರೆ ದಾರಿ ಕಾಣದೆ ಅವಳು ಹಡಗಿನ ಕೊಂಬಿಗೆ ಬಾಯಿಟ್ಟು, ತನ್ನ ಉಸಿರೆಲ್ಲ ಸೇರಿಸಿ ಒಂದು ಸಲ ಊದಿದಳು. ಹಿಂದೆ ಹಡಗು ಹೊರಡುವಾಗ ಭೂತಗಳು ಊದುತ್ತಿದ್ದ ಕೂಗಿನ ನೂರರಲ್ಲೊಂದು ಪಾಲೂ ಅದಲ್ಲ. ಆದರೂ ಊರಿನ ಮುದುಕ ಮುದುಕಿಯರಿಗೆ ಕೇಳಿಸಿತು. ಕೈಕೆಲಸ ಹಾಗೇ ಬಿಟ್ಟು ಎದ್ದರು. ಪೆಟ್ಟಿಗೆಯ ತಳದಿಂದ ಹಳೆಯ ನೂಲಿನ ತುಂಡು ತೆಗೆದು, ಗಂಟು ಹಾಕಿಕೊಂಡು, ಹಡಗು ನಿಲ್ಲುವ ದಕ್ಕೆಗೆ ಬಂದರು. ಅರ್ಧ ಜನ ಹಡಗು ಹತ್ತಿದರು, ಅರ್ಧ ಜನ ದಡದಲ್ಲೇ ನಿಂತರು. ಕೆಂಪು, ಹಳದಿ, ನೀಲಿ ನೂಲುಗಳು ನಡುವೆ ತೂಗಾಡಿದವು. ಪದುಮೆ ತಂಗಿಯ ನೂಲು ಹಿಡಿದಳು.

ಆಗ ನಾಲ್ಕು ಭೂತಗಳೂ ಒಟ್ಟಿಗೆ ಬಾಯಿ ತೆರೆದವು. ಆ ಕೂಗಿಗೆ ನೆಲ ನಡುಗಿತು, ಪಾರಿವಾಳಗಳು ಮುಗಿಲಿಗೆದ್ದವು, ಏಳು ಅಂತಸ್ತಿನ ದೀಪಗಳೂ ಹೊತ್ತಿಕೊಂಡವು. ನಕ್ಕವರ ನಗು ಬಾಯಲ್ಲೇ ನಿಂತಿತು. ತಮ್ಮೂರಿನಲ್ಲಿ ಇಷ್ಟು ದೊಡ್ಡದೊಂದು ಇತ್ತೆಂಬುದನ್ನು ಅವರು ಮರೆತೇಬಿಟ್ಟಿದ್ದರು.

ಮೂರನೆಯ ದಿನ ಹಿಮದ ಆನೆ ಎದುರಾಯಿತು. ಬೆಟ್ಟದಷ್ಟು ಎತ್ತರ, ಮೈಯೆಲ್ಲ ನೀಲಿ ಬೆಳಕು, ಸೊಂಡಿಲಿನಿಂದ ಚಳಿಗಾಳಿ. ಹಡಗಿನ ದಾರಿಗೆ ಅಡ್ಡ ನಿಂತು ಕೇಳಿತು: "ಇಷ್ಟು ದಿನ ಎಲ್ಲಿ ಹೋಗಿದ್ದಿರಿ?"

ಎಲ್ಲರೂ ಹಿಂದೆ ಸರಿದರು. ಸಂಪಿ ಕಟಕಟೆಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ತಪ್ಪಾಯ್ತು ದೊಡ್ಡಪ್ಪಾ. ನಮಗೆ ಅವಸರ ಜಾಸ್ತಿ ಆಗಿತ್ತು."

"ನಿಮ್ಮ ಸನಾದಿ ಕೇಳೋದಕ್ಕೆ ಅಂತ ಬಡಗಲಿಂದ ಇಳಿದು ಬರ್ತಿದ್ದೆ," ಎಂದಿತು ಆನೆ. "ಪ್ರತಿ ಸಲ ಬಂದೆ. ನೀವು ಬರಲಿಲ್ಲ."

ಒಬ್ಬ ಮುದುಕ ಅಳುತ್ತಲೇ ಸನಾದಿ ತೆಗೆದು ಊದಿದ. ಚಂದ್ರನ ತುಂಡಿನ ಕೆಳಗೆ ಮುದುಕಿಯರು ಸೆರಗು ಸಿಕ್ಕಿಸಿಕೊಂಡು ಕುಣಿದರು; ಮೇಲಿನ ಅಂತಸ್ತು ಯಾವುದು, ಕೆಳಗಿನದು ಯಾವುದು ಎಂದು ಈ ಸಲ ಯಾರೂ ಕೇಳಲಿಲ್ಲ. ಆನೆ ಕಿವಿ ಬೀಸುತ್ತಾ ಕೇಳಿತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಐದನೆಯ ದಿನ ಬೆಳಿಗ್ಗೆ ನಡುಗಡಲಲ್ಲಿ ಒಂದು ದ್ವೀಪ ಕಂಡಿತು. ಅದರ ತುಂಬ ಉಪ್ಪಿನಕಾಯಿಯ ಭರಣಿಗಳು. ಒಂದರ ಮೇಲೊಂದು, ಮುಗಿಲು ಮುಟ್ಟುವಷ್ಟು, ಮೂರು ಲಕ್ಷ ಭರಣಿಗಳು. ಒಂದೊಂದರಲ್ಲೂ ಯಾರದೋ ಒಂಬತ್ತು ದಿನ. ಚಿಟಿಕೆರಾಯ ನೆತ್ತಿಯ ಮೇಲೆ ಕೂತು, ಒಂದು ಭರಣಿಗೆ ಕೈಹಾಕಿ, ಯಾರದೋ ಮದುವೆಯ ದಿನವನ್ನು ಚಪ್ಪರಿಸಿ ನೆಕ್ಕುತ್ತಿದ್ದ.

"ಬಾ ತಂಗೀ," ಎಂದ. "ಪಂಚಾಂಗದಲ್ಲಿ ಬರೆದ ಪ್ರತಿ ಗಳಿಗೆಯೂ ನನ್ನ ಚಿಟಿಕೆಗೆ ಆಳು. ಆದರೂ ನಿನಗೊಂದು ಅವಕಾಶ ಕೊಡ್ತೇನೆ. ನಿನ್ನ ಹಡಗಿನ ಮಧ್ಯಾಹ್ನದ ಬಟ್ಟಲು ಮುಳುಗೋದರೊಳಗೆ ನಿನ್ನ ಅವ್ವನ ನಲವತ್ತೊಂದು ಭರಣಿ ಹುಡುಕು. ಸಿಕ್ಕಿದ್ರೆ ನಿನ್ನದು. ಇಲ್ಲವೋ, ನೀನೂ ನಿನ್ನ ಹಡಗಿನವರೂ ಭರಣಿಯೊಳಗೆ."

ಸಂಪಿ ಹುಡುಕಿದಳು. ಒಂದು ಭರಣಿಗೆ ಕಿವಿಯಿಟ್ಟರೆ ಒಳಗೆ ಮಗು ನಗುತ್ತಿತ್ತು. ಇನ್ನೊಂದರಲ್ಲಿ ಮಳೆ ಸುರಿಯುತ್ತಿತ್ತು. ಮತ್ತೊಂದರಲ್ಲಿ ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದರು. ಮನುಷ್ಯರ ದಿನಗಳು ಇಷ್ಟೊಂದು ಚೆಂದವೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅವ್ವನ ದನಿ ಯಾವುದರಲ್ಲೂ ಇಲ್ಲ. ಸೂರ್ಯ ನೆತ್ತಿಗೇರುತ್ತಿದ್ದ.

ಸಂಪಿ ಹುಡುಕುವುದನ್ನು ಬಿಟ್ಟು ಹಡಗಿಗೆ ಓಡಿ ಬಂದಳು. ಬಟ್ಟಲು ಇನ್ನೇನು ಮುಳುಗಬೇಕು, ನೀರಿಗೆ ಕೈಹಾಕಿ ಬೆರಳಿನಿಂದ ತೂತು ಮುಚ್ಚಿದಳು.

ಇದು ಹೊಸ ಉಪಾಯವೇನಲ್ಲ. ಪಡುವಣಕ್ಕೆ ಹೋಗುವ ಹಡಗು ಸೂರ್ಯನ ಬೆನ್ನು ಹತ್ತಿ ಹೋಗುತ್ತದೆ, ಹಾಗಾಗಿ ಅದರ ದಿನ ಉದ್ದ. ದಿನಾ ಮಧ್ಯಾಹ್ನ ಗಳಿಗೆಯವಳು ತೂತು ಮುಚ್ಚಿ ಒಂದು ಗಳಿಗೆ ತಡೆಯಬೇಕು. ಅದನ್ನು ಕೊಟ್ಟ ಗಳಿಗೆ ಎನ್ನುತ್ತಿದ್ದರು. ಹಡಗಿನ ಅಡುಗೆಯವನಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವನು ಚಿಟಿಕೆರಾಯ ಒಬ್ಬನೇ. ಜನ್ಮದಲ್ಲಿ ಹಡಗು ಹತ್ತಿದ್ದರೆ ತಾನೇ?

"ಹೊತ್ತಾಯ್ತು!" ಎಂದು ಅವನು ಚಿಟಿಕೆ ಹೊಡೆದ. ಸದ್ದೇ ಬರಲಿಲ್ಲ. ಮತ್ತೆ ಹೊಡೆದ. ಇಲ್ಲ.

"ಇದು ಯಾವ ಗಳಿಗೆಯೇ?" ಎಂದು ಕಿರುಚಿದ.

"ಸೂರ್ಯ ನಮಗೆ ಕೊಟ್ಟಿದ್ದು," ಎಂದಳು ಸಂಪಿ. "ನಿಮ್ಮ ಪಂಚಾಂಗದಲ್ಲಿ ಇಲ್ಲ. ತಂಡೇಲರೇ, ಭೂತಗಳಿಗೆ ಕೂಗೋಕೆ ಹೇಳಿ! ಭರಣಿ ಒಂದೂ ಉಳೀಬಾರದು!"

ಚಿಟಿಕೆರಾಯನ ದನಿ ಬೆಣ್ಣೆಯಾಯಿತು. "ಯೋಚನೆ ಮಾಡು ತಂಗೀ. ಒಡೆದ್ರೆ ದಿನಗಳೆಲ್ಲ ಗಾಳಿಪಾಲು. ನಿನ್ನ ಅವ್ವನದೂ ಹೋಗ್ತದೆ. ಬೆರಳು ತೆಗಿ, ಆ ನಲವತ್ತೊಂದನ್ನ ನಾನೇ ಆರಿಸಿ ಕೊಡ್ತೇನೆ."

ನೀರು ಸಂಪಿಯ ಬೆರಳನ್ನು ಹಿಮದಂತೆ ಕೊರೆಯುತ್ತಿತ್ತು. ಅವ್ವ ತನ್ನನ್ನು ಇನ್ನೆಂದೂ ಗುರುತಿಸದೆ ಹೋದರೆ? ಈ ಒಂದು ಬೆರಳು ತೆಗೆದರೆ ಸಾಕಿತ್ತು. ಆದರೆ ಅವಳು ಆ ಭರಣಿಗಳಿಗೆ ಕಿವಿಯಿಟ್ಟು ಕೇಳಿ ಬಂದಿದ್ದಳು. ಅಷ್ಟು ಜನರ ಮಕ್ಕಳ ನಗುವನ್ನು, ಮಳೆಯನ್ನು ಇವನ ಬಾಯಿಗೆ ಬಿಟ್ಟು ಹೋಗಲು ಅವಳಿಗೆ ಮನಸ್ಸು ಬರಲಿಲ್ಲ.

"ಕೂಗಿಸಿ ತಂಡೇಲರೇ," ಎಂದು ಅಳುತ್ತಾ ಹೇಳಿದಳು.

ನಾಲ್ಕು ಭೂತಗಳು ಕೂಗಿದವು. ಮೂರು ಲಕ್ಷ ಭರಣಿಗಳು ಒಂದೇ ಸಲ ಫಳ್ಳೆಂದು ಒಡೆದವು. ಒಳಗಿನಿಂದ ದಿನಗಳು ಎದ್ದವು. ಮುಂಜಾವುಗಳು, ಸುಡುಬಿಸಿಲುಗಳು, ದೀಪಾವಳಿಗಳು, ಏನೂ ನಡೆಯದ ಸಾದಾ ಮಂಗಳವಾರಗಳು, ಎಲ್ಲ ಮುಗಿಲ ತುಂಬ ಹೊಳೆಯುತ್ತಾ ಮೂಡಣಕ್ಕೆ ಅರ್ಧ, ಪಡುವಣಕ್ಕೆ ಅರ್ಧ ಹಾರಿದವು. ಹಡಗಿನವರೆಲ್ಲ ಕೈಮುಗಿದು ನಿಂತುಬಿಟ್ಟರು. ಚಿಟಿಕೆರಾಯನಿಗೆ ತನ್ನದೆನ್ನುವ ಒಂದು ದಿನವೂ ಇರಲಿಲ್ಲ. ಬಿಸಿಲಿಗಿಟ್ಟ ಕರ್ಪೂರದಂತೆ ಕರಗಿಹೋದ. ಎರಡು ತೀರದ ಬಾಗಿಲುಗಳೂ ಮಗುಚಿ ಬಿದ್ದವು. ಸಂಪಿ ಬೆರಳು ತೆಗೆದಳು. ಬಟ್ಟಲು ಮುಳುಗಿತು.

ಇನ್ನುಳಿದ ನಾಲ್ಕು ದಿನ ಅವಳು ಊಟ ಮಾಡಲಿಲ್ಲ, ಪಡುವಣದ ಕಡೆ ನೋಡುತ್ತಾ ಕೂತಳು.

ಒಂಬತ್ತನೆಯ ದಿನ ಪಡುವಣತೀರ ಕಂಡಿತು. ದಕ್ಕೆಯ ತುಂಬ ಜನ. ಅವರ ನಡುವೆ ದುಗ್ಗವ್ವ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಸಂಪಿ ಏಣಿಯಿಳಿದು, ಹತ್ತಿರ ಹೋಗಲು ಧೈರ್ಯವಿಲ್ಲದೆ ನಿಂತಳು.

"ಮೂರು ವರ್ಷದವಳಿದ್ದಾಗ ಬಾವಿಕಟ್ಟೆ ಹತ್ತಿದ್ದೆ ನೀನು," ಎಂದಳು ದುಗ್ಗವ್ವ. "ಬಾಸುಂಡೆ ಬರೋ ಹಾಗೆ ಹೊಡೆದಿದ್ದೆ. ಆ ದಿನವೂ ಬಂತು ಕಣೇ ವಾಪಸ್ಸು. ಅದು ಬರದಿದ್ರೂ ಆಗ್ತಿತ್ತು. ಬಾ ಇಲ್ಲಿ, ಸಂಪೀ."

ಸಂಪಿ ಅವ್ವನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಅಂದಿನಿಂದ ಶರಧಿರಾಣಿ ಮತ್ತೆ ಓಡಾಡತೊಡಗಿತು. ಮೂಡಣದವರೂ ಪಡುವಣದವರೂ ಉಂಡುಟ್ಟು ಸುಖವಾಗಿದ್ದರು. ಹಿಮದ ಆನೆ ತಪ್ಪದೆ ಬರುತ್ತಿತ್ತು.

ಆ ಮೊದಲ ಸಲ ಮರಳುವ ಹಡಗಿನಲ್ಲಿ ದುಗ್ಗವ್ವ ಮಗಳ ಜೊತೆಗೇ ಬಂದಳು. ಕಟಕಟೆಯ ಹತ್ತಿರ ಕೂತು, ಮರಳಿ ಬಂದ ದಿನಗಳನ್ನು ಒಂದೊಂದಾಗಿ ಹೇಳುತ್ತಾ ಹೋದಳು. ಎಂಟನೆಯ ದಿನ ಬಂದರೂ ಸಂಪಿಯ ಏಳನೇ ವಯಸ್ಸೇ ಮುಗಿದಿರಲಿಲ್ಲ. ದುಗ್ಗವ್ವ ಕಡಲಿನ ಕಡೆ ನೋಡಿ, ಮಾತು ನಿಲ್ಲಿಸಿ, ರೇಗಿದಳು:

"ಇದೇನೇ ಈ ಹಡಗು ಹೀಗೆ ಓಡ್ತದೆ! ಸ್ವಲ್ಪ ನಿಧಾನ ಹೋಗೋಕೆ ಹೇಳಬಾರದೇ?"

ಸಂಪಿ ಹೋಗಿ ಹೇಳಿದಳು. ಆ ಸಲ ಹಡಗು ಊರು ಸೇರಲು ಹನ್ನೊಂದು ದಿನ ಹಿಡಿಯಿತು, ಯಾಕೆ ತಡವಾಯಿತೆಂದು ಒಬ್ಬರೂ ಕೇಳಲಿಲ್ಲ.