ನಲವತ್ತೊಂದನೇ ಮತಗಟ್ಟೆಯ ಒಂದು ವೋಟು

ಬುಧವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಚುನಾವಣಾ ಕಚೇರಿಯ ಹೆಡ್ ಕ್ಲರ್ಕ್ ಏದುಸಿರು ಬಿಡುತ್ತ ಠಾಣೆಯ ಮೆಟ್ಟಿಲು ಹತ್ತಿದರು. ಕಂಕುಳಲ್ಲಿ ಕೆಂಪು ಬಟ್ಟೆ ಸುತ್ತಿದ ದಪ್ಪ ರಿಜಿಸ್ಟರು. ಕ್ಷೇತ್ರ ಹುಟ್ಟಿದಾಗಿನಿಂದ ನಡೆದ ಹದಿಮೂರು ಚುನಾವಣೆಗಳ ಫಲಿತಾಂಶ ಅದರಲ್ಲಿತ್ತು. ಒಂದು ಹಾಳೆ ಮಾತ್ರ ಇರಲಿಲ್ಲ.

“ಯಾವ ಚುನಾವಣೆದು?” ಎಂದರು ಇನ್ಸ್‌ಪೆಕ್ಟರ್ ಮೇಡಂ.

“ಆರನೇದು. ಮೂವತ್ತೊಂದು ವರ್ಷದ ಹಿಂದಿಂದು. ಆರು ಮತಗಟ್ಟೆ ಫಲಿತಾಂಶ ಹೋಗಿದೆ ಮೇಡಂ.”

“ಇನ್ನೊಂದು ಪ್ರತಿ?”

“ಗೆದ್ದಲು ತಿಂದು ಹಾಕ್ತು. ಸೋಮವಾರ ಕ್ಷೇತ್ರದ ಚರಿತ್ರೆ ಪುಸ್ತಕ ಅಚ್ಚಿಗೆ ಹೋಗ್ಬೇಕು. ನನ್ನ ಕೆಲಸಕ್ಕೇ ಕುತ್ತು.”

ಹತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದುಕೊಂಡವರು ಹೆಡ್ ಕಾನ್‌ಸ್ಟೇಬಲ್. ಮೆಲ್ಲಗೆ ಮಾತಾಡುವುದು ಅವರ ಜಾತಕದಲ್ಲೇ ಇರಲಿಲ್ಲವಾಗಿ ಠಾಣೆಯವರೆಲ್ಲ ಅವರನ್ನು ರೇಡಿಯೊ ಎಂದೇ ಕರೆಯುತ್ತಿದ್ದರು.

ಇನ್ಸ್‌ಪೆಕ್ಟರ್ ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊಲಿಗೆಯ ಬುಡದಲ್ಲಿ ಬೆರಳಗಲ ಕಾಗದ ಉಳಿದಿತ್ತು. ಹರಿದದ್ದಲ್ಲ, ಬ್ಲೇಡಿನಿಂದ ಕೊಯ್ದದ್ದೂ ಅಲ್ಲ. ಅಂಚು ಮೇಲಿಂದ ಕೆಳಗಿನ ತನಕ ಹಲ್ಲುಹಲ್ಲಾಗಿತ್ತು. ಅವರು ತಮ್ಮ ತೋಳಿನ ಮಡಿಕೆ ತಿರುವಿ ನೋಡಿಕೊಂಡರು. ಸಮವಸ್ತ್ರದ ಒಳಹೊಲಿಗೆಯ ಅಂಚೂ ಹಾಗೇ ಇತ್ತು.

“ಕಳೆದ ವಾರ ರೆಕಾರ್ಡ್ ರೂಮಿಗೆ ಯಾರ್ಯಾರು ಬಂದಿದ್ರು?”

“ಪ್ರೆಸ್ಸಿನವರು ಒಬ್ರು, ಪುಸ್ತಕ ಬರೀತಿರೋ ಲೆಕ್ಚರರು, ಆಮೇಲೆ ನಮ್ಮ ಟೈಲರ್ ತಾತ. ಅವರನ್ನ ನಾನೇ ಕರೆದಿದ್ದೆ. ಆ ಚುನಾವಣೆಗೆ ನಿಂತವರಲ್ಲಿ ಈಗ ಬದುಕಿರೋರು ಅವರೊಬ್ರೇ. ಪುಸ್ತಕಕ್ಕೆ ಫೋಟೊ ಬೇಕಿತ್ತು, ಅದಿನ್ನೂ ತೆಗೆದಿಲ್ಲ.”

ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಇನ್ಸ್‌ಪೆಕ್ಟರ್ ಅಂಗಡಿಯ ಹೊಸಿಲು ದಾಟಿದಾಗ ಟೈಲರ್ ತಾತ ಕಾಜಾ ಹಾಕುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಕೊರಳಲ್ಲಿ ಅಳತೆ ಟೇಪು.

“ನಿಮ್ಮ ಕತ್ತರಿ ಎಲ್ಲ ತೋರಿಸಿ.”

ಮೇಜಿನ ಮೇಲೆ ಎರಡು ಬಂದವು. ಮೂರನೆಯದು ಜೇಬಿನಿಂದ ಬಂತು. ಅದರ ಬಾಯಿ ತುಂಬ ಹಲ್ಲು. ಯಾವಾಗಲೂ ಜೇಬಲ್ಲೇ ಇರುವ ಕತ್ತರಿ, ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದೂ ಅದೇ.

“ಹಾಳೆ ಎಲ್ಲಿ?”

“ಮನೇಲಿ. ಹಳೇ ಮಷಿನ್ ಡ್ರಾಯರಲ್ಲಿ.”

“ಸುಟ್ಟುಹಾಕಬಹುದಿತ್ತಲ್ಲ?”

“ಸರ್ಕಾರದ ಪುಸ್ತಕದಲ್ಲಿ ನನ್ನ ಹೆಸರು ಅಂತ ಇರೋದು ಅದೊಂದು ಹಾಳೇಲಿ. ಕೈ ಬರ್ಲಿಲ್ಲ.”

“ಯಾಕೆ ಕತ್ತರಿಸಿದ್ರಿ?”

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. “ಪಕ್ಷೇತರ ನಿಂತಿದ್ದೆ. ಹೊಲಿಗೆ ಮಷಿನ್ ಗುರುತು. ನನ್ನ ಹೆಂಡತಿ ಎಂಟು ತಿಂಗಳ ಬಸುರಿ, ಇಪ್ಪತ್ತು ದಿನ ನನ್ನ ಜೊತೆ ಬಾಗಿಲು ಬಾಗಿಲಿಗೆ ಬಂದ್ಲು. ನಮ್ಮ ಬೂತಲ್ಲಿ ಬಿದ್ದಿದ್ದು ಒಂದು ವೋಟು. ಅವಳಿಗೆ ಅರವತ್ತು ಅಂದೆ.”

“ಆ ಒಂದು ನಿಮ್ಮದೇ ತಾನೆ?”

“ಅವಳದು.” ಕತ್ತರಿಯ ಬಾಯಿ ಮುಚ್ಚಿಟ್ಟರು. “ವೋಟು ಒತ್ತೋ ಮುದ್ರೆ ಕೈಗೆ ತಗೊಂಡಾಗ ನನ್ನಂಥವನು ಗೆದ್ದು ಅಲ್ಲಿ ಹೋಗಿ ಏನು ಮಾತಾಡ್ಲಿ ಅನ್ನಿಸ್ತು. ಮೇಷ್ಟ್ರೊಬ್ರು ನಿಂತಿದ್ರು, ಅವರಿಗೆ ಒತ್ತಿಬಿಟ್ಟೆ. ಪುಸ್ತಕದಲ್ಲಿ ಆ ಅಂಕಿ ನೋಡಿ ಊರವರು ನಕ್ಕು ಮರೀತಾರೆ. ಅವಳಿಗೆ ಮಾತ್ರ ಅರ್ಥ ಆಗುತ್ತೆ. ಜೈಲಿಗೆ ಬೇಕಾದ್ರೂ ಹಾಕಿ ಮೇಡಂ, ಅವಳಿಗೆ ಗೊತ್ತಾಗೋದು ಬೇಡ.”

“ನನ್ನ ಬಾಯಿಂದ ಬರಲ್ಲ,” ಎಂದರು ಇನ್ಸ್‌ಪೆಕ್ಟರ್. ಮನಸ್ಸಿಟ್ಟೇ ಕೊಟ್ಟ ಮಾತು ಅದು.

ಎರಡೂ ಕಾಲಿಗೆ ಎದುರು ಅಂಗಡಿಯವರನ್ನೂ ಪಕ್ಕದ ಮನೆಯ ಗಡಿಯಾರ ರಿಪೇರಿಯವರನ್ನೂ ಸಾಕ್ಷಿಗೆ ಪಂಚರನ್ನಾಗಿ ಕರೆದುಕೊಂಡು, ತಾತ ಮತ್ತು ರೇಡಿಯೊ ಜೊತೆ ತಾತನ ಮನೆಗೆ ಹೋದರು. ಅಜ್ಜಿ ಬಾಗಿಲು ತೆಗೆದವರೇ, “ಫೋಟೊಗೆ ಬಂದ್ರಾ? ಶರ್ಟು ಇಸ್ತ್ರಿ ಮಾಡಿಟ್ಟಿದೀನಿ,” ಎಂದರು. ಗೋಡೆಯ ಮೊಳೆಗೆ ಬಿಳಿ ಶರ್ಟು ನೇತಾಡುತ್ತಿತ್ತು. ಕಚೇರಿ ಕೆಲಸ ಎಂದಷ್ಟೇ ಹೇಳಿದ ಇನ್ಸ್‌ಪೆಕ್ಟರ್ ಕುಡಿಯಲು ನೀರು ಕೇಳಿ ಅವರನ್ನು ಒಳಗೆ ಕಳಿಸಿದರು.

ಡ್ರಾಯರಿನಲ್ಲಿ, ಗುಂಡಿ ಡಬ್ಬಿಯ ಕೆಳಗೆ ಹಾಳೆ ಸಿಕ್ಕಿತು. ಹೋದ ವರ್ಷ ಒಂದು ಕೇಸು ಪಂಚನಾಮೆಯಲ್ಲಿ ವಿವರ ಸಾಲದೆಂದು ಕೋರ್ಟಿನಲ್ಲಿ ಬಿದ್ದು ಹೋಗಿತ್ತು. ಅಂದಿನಿಂದ ಇನ್ಸ್‌ಪೆಕ್ಟರ್ ಚುಕ್ಕೆಯನ್ನೂ ಬಿಟ್ಟವರಲ್ಲ. ಇವತ್ತೂ ಹಾಳೆಯ ಅಳತೆ, ಅಂಚು, ಅದರಲ್ಲಿದ್ದ ಅಂಕಿಗಳು ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿ ಬರೆಸಿದರು. ಸಹಿಗೆ ಮುಂಚೆ ಪಂಚರಿಗೆ ಓದಿ ಹೇಳಬೇಕು. ಅದು ನಿಯಮ. ರೇಡಿಯೊ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

“ಮತಗಟ್ಟೆ ನಲವತ್ತೊಂದು. ಪಕ್ಷೇತರ ಅಭ್ಯರ್ಥಿ, ಹೊಲಿಗೆ ಯಂತ್ರದ ಗುರುತು. ಪಡೆದ ಮತ, ಒಂದು.”

“ಸಾಕು,” ಎಂದರು ಇನ್ಸ್‌ಪೆಕ್ಟರ್. ಹೊತ್ತು ಮೀರಿತ್ತು. ಅಡುಗೆಮನೆ ಬಾಗಿಲಲ್ಲಿ ಅಜ್ಜಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು.

“ಒಂದಾ? ಅರವತ್ತು ಅಂದಿದ್ರಿ.”

ತಾತ ಟೇಪಿನ ತುದಿಯನ್ನು ಸುತ್ತುತ್ತಿದ್ದರು.

“ಆ ಒಂದು ನಾನು ಹಾಕಿದ್ದು,” ಎಂದರು ಅಜ್ಜಿ. “ನೀವು?”

ಗಡಿಯಾರದವರು ಚಪ್ಪಲಿ ನೋಡಿಕೊಂಡರು. ಇನ್ಸ್‌ಪೆಕ್ಟರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತನ್ನ ಬಾಯಿಂದ ಬರಲಿಲ್ಲ ನಿಜ. ಬರೆಸಿದವರು ಯಾರು? ಒಂದು ಸಾಲು ಬಿಟ್ಟಿದ್ದರೆ ಯಾವ ಕೋರ್ಟೂ ಮುಳುಗಿಹೋಗುತ್ತಿರಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ನಾಚಿಕೆ ಅವರಿಗೆ ಯಾವತ್ತೂ ಆಗಿರಲಿಲ್ಲ.

ಮೂರೂ ಐದಕ್ಕೆ ದಸ್ತಗಿರಿ ಎಂದು ದಾಖಲಾಯಿತು. ಹೊರಡುವಾಗ ಅಜ್ಜಿ ಶರ್ಟನ್ನು ಮೊಳೆಯಿಂದ ತೆಗೆದು, ಮಡಚಿ, ಒಳಗೆ ಒಯ್ದರು.

ಐದೂವರೆಗೆ ಅವರೇ ಠಾಣೆಗೆ ಬಂದರು. ಕೈಯಲ್ಲಿ ತಾತನ ಕನ್ನಡಕ, ಮಾತ್ರೆ ಚೀಟಿ. ಬೆಂಚಿನ ಮೇಲಿದ್ದ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

“ಠಾಣೇಲೇ ಜಾಮೀನು ಕೊಡಬಹುದು. ಇವರ ಪರ ಒಬ್ಬರು ಸಹಿ ಹಾಕ್ಬೇಕು. ಯಾರಾದ್ರೂ ಇದಾರಾ?” ಎಂದರು ಇನ್ಸ್‌ಪೆಕ್ಟರ್, ಕಣ್ಣೆತ್ತದೆ.

“ಎಲ್ಲಿ ಹಾಕ್ಬೇಕು ತೋರಿಸಿ. ಆವತ್ತೂ ಇವರ ಪರ ಇದ್ದಿದ್ದು ನಾನೊಬ್ಬಳೇ.”

ಸಹಿ ಹಾಕಿ ಮೆಟ್ಟಿಲಿಳಿದರು. ತಾತ ನಾಲ್ಕು ಹೆಜ್ಜೆ ಹಿಂದೆ ನಡೆದರು.

ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದು, ಕಾರಣ ಎಂಬಲ್ಲಿ ಪೆನ್ನು ಊರಿ ಬಹಳ ಹೊತ್ತು ಕೂತರು. ಕೊನೆಗೆ ಬರೆದರು: ಆರೋಪಿಗೆ ತನ್ನ ಮೇಲೆ ನಂಬಿಕೆ ಇರಲಿಲ್ಲ. ಹೆಂಡತಿಗೆ ಇತ್ತು. ತನಗಿರಲಿಲ್ಲವೆಂಬುದು ಆಕೆಗೆ ತಿಳಿಯುವುದೆಂಬ ಅಂಜಿಕೆ.

“ಓದಿ ಹೇಳ್ಲಾ ಮೇಡಂ?” ಎಂದರು ರೇಡಿಯೊ.

“ಬೇಡ,” ಎಂದು ಇನ್ಸ್‌ಪೆಕ್ಟರ್ ಡೈರಿ ಮುಚ್ಚಿದರು.