ಎರಡನೇ ತಗ್ಗು

ಮೆಟ್ಟಿಲ ಬುಡದಲ್ಲಿ ಮೊದಲು ಕಂಡದ್ದು ಒಂಟಿ ಚಪ್ಪಲಿ. ಆಮೇಲೆ ರಕ್ತ. ಬೆಳಿಗ್ಗೆ ಕೊಠಡಿಗಳ ಬೀಗ ತೆಗೆಯಲು ಬಂದಿದ್ದ ಜವಾನ ಕರಿಯಪ್ಪ ಕೂಗಿಕೊಂಡ. ಸಂಶೋಧಕಿ ಮೈತ್ರಿ ತಲೆ ಒಡೆದು, ಎಚ್ಚರ ತಪ್ಪಿ ಬಿದ್ದಿದ್ದಳು.

ಸಬ್ ಇನ್‌ಸ್ಪೆಕ್ಟರ್ ಜಯಶೀಲಾ ಶಿವಮೊಗ್ಗದ ಆ ಕಾಲೇಜಿಗೆ ಬರುವಷ್ಟರಲ್ಲಿ ಆಂಬುಲೆನ್ಸ್ ಹೊರಟಿತ್ತು. ಕಾಲು ಜಾರಿರಬೇಕು ಎಂದರು ಎಲ್ಲರೂ. ಜಯಶೀಲಾ ಮೇಲಿನ ಮೆಟ್ಟಿಲಲ್ಲಿ ಬಿದ್ದಿದ್ದ ಹರಿದ ಬ್ಯಾಗಿನ ಪಟ್ಟಿ ಎತ್ತಿಕೊಂಡಳು. ಪಟ್ಟಿ ಇತ್ತು. ಬ್ಯಾಗಿರಲಿಲ್ಲ.

“ಅದರಲ್ಲೇನಿತ್ತು?”

“ಲ್ಯಾಪ್‌ಟಾಪು,” ಎಂದರು ಮೈತ್ರಿಯ ಮಾರ್ಗದರ್ಶಕ ಪ್ರೊಫೆಸರ್ ಶಿವಪ್ರಸಾದ್. “ಎರಡು ವರ್ಷದ ಕೆಲಸ ಮೇಡಂ. ಕ್ವೇಸಾರ್ ಗಾಳಿಯದ್ದು.”

“ನಂಗೆ ತಿಳಿಯೋ ಹಾಗೆ ಹೇಳಿ.”

“ದೂರದ ಗ್ಯಾಲಕ್ಸಿ ನಡುವೆ ದೈತ್ಯ ಕಪ್ಪುಕುಳಿ. ಅದರ ಸುತ್ತ ಉರಿಯೋ ಅನಿಲವೇ ಕ್ವೇಸಾರ್. ಅಲ್ಲಿಂದ ಭಾರಿ ಗಾಳಿ ಹೊರಡುತ್ತೆ. ಗಾಳಿಯಲ್ಲಿರೋ ಕಬ್ಬಿಣ ಒಂದಿಷ್ಟು ಎಕ್ಸ್-ರೇ ನುಂಗುತ್ತೆ. ಉಪಗ್ರಹ ಹಿಡಿದ ಎಕ್ಸ್-ರೇನ ಗ್ರಾಫ್ ಹಾಕಿದ್ರೆ ಅಲ್ಲೊಂದು ತಗ್ಗು ಕಾಣುತ್ತೆ. ಅದು ಎಷ್ಟು ಸರಿದಿದೆ ಅನ್ನೋದರಿಂದ ಗಾಳಿಯ ವೇಗ ಗೊತ್ತಾಗುತ್ತೆ.”

“ಉಪಗ್ರಹದ ಮಾಹಿತಿ ಯಾರ್ಯಾರ ಹತ್ರ ಇದೆ?”

“ನಾನು, ಮೈತ್ರಿ, ಸತೀಶ್. ಆದ್ರೆ ಸೋಸಿ ತಗ್ಗು ಹುಡುಕಿದ್ದು ಅವಳೊಬ್ಬಳೇ. ನಂಗೂ ಇನ್ನೂ ತೋರಿಸಿರಲಿಲ್ಲ.”

ಹೊರಗೆ ಸಹಸಂಶೋಧಕ ಸತೀಶ್ ಹತ್ತಿರ ಬಂದ. “ನಿನ್ನೆ ಸರ್‌ಗೂ ಅವಳಿಗೂ ಜೋರು ಜಗಳ ಆಯ್ತು ಮೇಡಂ. ನಾನ್ ಹೇಳಿದೆ ಅನ್ಬೇಡಿ.”

*

ಲ್ಯಾಪ್‌ಟಾಪಿನ ನಂಬರು ಎಲ್ಲ ರಿಪೇರಿ ಅಂಗಡಿಗಳಿಗೂ ಹೋಗಿತ್ತು. ನಾಲ್ಕನೇ ದಿನ ಭದ್ರಾವತಿಯಿಂದ ಫೋನ್ ಬಂತು. ಜಯಶೀಲಾ ಆ ಅಂಗಡಿಗೆ ಹೋದಳು.

“ಇದನ್ನ ತಂದೋನು ಪಾಸ್‌ವರ್ಡ್ ಮರ್ತೋಗಿದೆ ಅಂದ ಮೇಡಂ,” ಎಂದ ಅಂಗಡಿಯ ಜಯಪ್ಪ. “ಫೈಲೆಲ್ಲ ಪೆನ್‌ಡ್ರೈವಿಗೆ ಹಾಕಿಸ್ಕೊಂಡ. ಆಮೇಲೆ ಪೂರ್ತಿ ಅಳಿಸಿಬಿಡು ಅಂದ. ನಂಗೆ ಪುರುಸೊತ್ತಾಗಿರಲಿಲ್ಲ, ಎಲ್ಲ ಹಾಗೇ ಇದೆ.”

“ಮುಖ ನೋಡಿದ್ಯಾ?”

“ಹೆಲ್ಮೆಟ್ಟು, ಮಾಸ್ಕು. ದನಿ ಮಾತ್ರ ನೆನಪಿದೆ.”

“ಹೆಸರು?”

ಜಯಪ್ಪ ರಸೀದಿ ತೋರಿಸಿದ. ಶಿವಪ್ರಸಾದ್.

ಪ್ರೊಫೆಸರು ಜಗಳವನ್ನು ಒಪ್ಪಿಕೊಂಡರು. “ಪ್ರಕಟಿಸೋಕೆ ಆತುರ ಬೇಡ, ಇನ್ನೊಮ್ಮೆ ಪರೀಕ್ಷೆ ಮಾಡು ಅಂದೆ. ಸಿಟ್ಟಾದಳು.” ಜಯಶೀಲಾಗೆ ಸಮಾಧಾನವಾಗಲಿಲ್ಲ. ಕದ್ದ ಮಾಲಿಗೆ ಯಾರಾದರೂ ಸ್ವಂತ ಹೆಸರು ಬರೆಸುತ್ತಾರೆಯೇ?

ಪ್ರೊಫೆಸರು, ಸತೀಶ್ ಇಬ್ಬರ ಕೆಲಸದ ಹಾಳೆಗಳನ್ನೂ ಕೇಳಿದಳು. ಪ್ರೊಫೆಸರ ಬಳಿ ಇದ್ದದ್ದು ಸೋಸದ ಮಾಹಿತಿ ಮಾತ್ರ. ಸತೀಶ್ ಉತ್ಸಾಹದಿಂದ ಗ್ರಾಫ್ ಕೊಟ್ಟ.

“ನಾನೇ ಮಾಡಿದ್ದು ಮೇಡಂ. ನಾಡಿದ್ದು ಸಮ್ಮೇಳನದಲ್ಲಿ ಓದ್ತೀನಿ. ಎರಡು ತಗ್ಗು, ಎರಡು ಗಾಳಿ. ಒಂದರ ವೇಗ ಬೆಳಕಿನ ಕಾಲು ಭಾಗ, ಇನ್ನೊಂದರದ್ದು ಮೂರನೇ ಒಂದು.”

*

ಆಸ್ಪತ್ರೆಯಲ್ಲಿ ಮೈತ್ರಿಗೆ ಎಚ್ಚರವಾಗಿತ್ತು. ಯಾರೋ ಹಿಂದಿನಿಂದ ಬ್ಯಾಗ್ ಎಳೆದದ್ದಷ್ಟೇ ನೆನಪು. ಜಯಶೀಲಾ ಗ್ರಾಫ್ ಮುಂದೆ ಹಿಡಿದಳು. ಮೈತ್ರಿಯ ಮುಖ ಬಿಳಿಚಿಕೊಂಡಿತು.

“ಇದು ನಂದು. ಎರಡನೇ ತಗ್ಗು ಗಾಳಿಯದ್ದೇ ಅಲ್ಲ ಮೇಡಂ. ನನ್ನ ತಪ್ಪು.”

“ಏನಮ್ಮ ಹಾಗಂದ್ರೆ?”

“ಉಪಗ್ರಹದ ಕ್ಯಾಮೆರಾ ಹಿಂದೆ ತಾಮ್ರ ಇದೆ. ಅದೂ ತನ್ನದೇ ಎಕ್ಸ್-ರೇ ಬಿಡುತ್ತೆ. ಚಿತ್ರದ ಒಂದು ಖಾಲಿ ಜಾಗ ಆರಿಸಿ, ಅಲ್ಲಿರೋ ಕಲಬೆರಕೆನ ಕಳೀಬೇಕು. ನಾನು ಆ ಜಾಗದ ಸಂಖ್ಯೆ 471 ಅನ್ನೋ ಕಡೆ ಬೆರಳು ತಪ್ಪಿ 417 ಹೊಡೆದಿದ್ದೆ. ಆ ಜಾಗದಲ್ಲಿ ತಾಮ್ರ ಜಾಸ್ತಿ. ಬೇಕಾದ್ದಕ್ಕಿಂತ ಹೆಚ್ಚು ಕಳೆದುಹೋಗಿ ಸುಳ್ಳು ತಗ್ಗು ಬಂತು. ಅವತ್ತು ಬೆಳಿಗ್ಗೆ ಬಸ್ಸಲ್ಲಿ ಬರ್ತಾ ಹೊಳೀತು. ಸರಿಮಾಡೋಕೇ ಬೇಗ ಬಂದೆ.”

*

“417,” ಎಂದಳು ಜಯಶೀಲಾ, ಪ್ರೊಫೆಸರ ಕೋಣೆಯಲ್ಲಿ, ಸತೀಶ್ ಕೊಟ್ಟ ಹಾಳೆಯ ಮೇಲಿನ ಸಂಖ್ಯೆ ತೋರಿಸುತ್ತ. “ಈ ಜಾಗ ಯಾಕೆ ಆರಿಸ್ಕೊಂಡೆ ಸತೀಶ್?”

“ಅದು... ಯೋಚನೆ ಮಾಡೇ ಆರಿಸ್ಕೊಂಡಿದ್ದು.”

ಶಿವಪ್ರಸಾದ್ ಹಾಳೆ ನೋಡಿದರು. “ಅಲ್ಲಿ ತಾಮ್ರ ಇದೆ ಮಾರಾಯ! ಯೋಚನೆ ಮಾಡಿದೋನು ಯಾರೂ ಅಲ್ಲಿಗೆ ಹೋಗಲ್ಲ.”

“ಮೈತ್ರಿ ಬೆರಳು ತಪ್ಪಿದ್ದು ಅಲ್ಲೇ,” ಎಂದಳು ಜಯಶೀಲಾ. “ಅವಳ ಲ್ಯಾಪ್‌ಟಾಪಲ್ಲೂ ಅದೇ ಸಂಖ್ಯೆ ಇದೆ. ನೀನು ಕದ್ದ ಕೆಲಸದ ಜೊತೆ ಅವಳ ತಪ್ಪೂ ಬಂತು. ಸರ್ ಹೆಸರು ಬರೆಸಿದ್ದು, ಜಗಳದ ಸುದ್ದಿ ಹೇಳಿದ್ದು, ಎರಡೂ ನಮ್ಮ ದಾರಿ ತಪ್ಪಿಸೋಕೆ.” ಬಾಗಿಲಿನಾಚೆ ನಿಲ್ಲಿಸಿದ್ದ ಅಂಗಡಿಯವನ ಕಡೆ ತಿರುಗಿದಳು. “ಜಯಪ್ಪ, ದನಿ ಕೇಳಿದ್ಯಲ್ಲ?”

“ಇದೇ ಮೇಡಂ.”

ಸತೀಶ್ ಕುರ್ಚಿ ಎಳೆದು ಕೂತ. “ಕಾಲೇಜಲ್ಲಿ ಖಾಲಿ ಇದ್ದಿದ್ದು ಒಂದೇ ಹುದ್ದೆ. ಅದೂ ಅವಳಿಗೇ ಹೋಗ್ತಿತ್ತು. ಬ್ಯಾಗ್ ಕಿತ್ಕೊಂಡೆ ಅಷ್ಟೇ. ಅವಳು ಬಿಡಲಿಲ್ಲ. ಬಿದ್ದುಬಿಟ್ಟಳು.”

“ಬಿದ್ದ ಮೇಲೆ ಉಸಿರಿದೆಯಾ ಅಂತ ನೋಡಿದ್ಯಾ?”

ಸತೀಶ್ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.