ಕುಲಾವಿಯ ಎರಡು ಕಣ್ಣು

ಜಂಬಣ್ಣ ಕುಲಾವಿಯನ್ನು ಸರಿಯಾಗಿ ನೋಡಲೇ ಇಲ್ಲ. ತಪ್ಪು ಅಲ್ಲಿಂದಲೇ ಶುರುವಾಯಿತು.

ಆ ಗುರುವಾರ ಶೆಫಾಲಿ ಕೂಸಿನ ಆ ಪುಟ್ಟ ಟೋಪಿಯನ್ನು ಕತ್ತರಿಯ ಪಕ್ಕದಲ್ಲಿ ಬಿಡಿಸಿಟ್ಟಾಗ ಅವಳ ಮೂಗಿನ ತುದಿಯಲ್ಲಿ ಬೆವರಿನ ಒಂದು ಹನಿ ನಿಂತಿತ್ತು. ಅದು ಬೀಳುವುದೋ ನಿಲ್ಲುವುದೋ ಎಂದು ನೋಡುವುದರಲ್ಲಿ ಅವನು ಮುಳುಗಿದ್ದ.

ಸಿಂಧನೂರಿನ ಬಜಾರಿನಲ್ಲಿ ಅವನದು ಮಕ್ಕಳ ಬಟ್ಟೆಯ ಅಂಗಡಿ. ಅವನು ಹೊಲಿದ ಅಂಗಿ, ಕುಲಾವಿಗಳಿಗೆ ಶೆಫಾಲಿ ಕಸೂತಿ ಹಾಕಿ ತರುತ್ತಿದ್ದಳು. ಗಡಿಯಾಚೆಯಿಂದ ಬಂದ ಬಂಗಾಲಿಗಳಿಗೆ ಸರಕಾರ ಹೊಲ ಕೊಟ್ಟು ನೆಲೆ ಮಾಡಿದ ಕ್ಯಾಂಪಿನ ಹುಡುಗಿ. ತಾಯಿಯ ತೊಡೆಯ ಮೇಲಿನ ಕೂಸಾಗಿ ಬಂದವಳಿಗೆ ಈಗ, ಎಂಬತ್ತೊಂಬತ್ತರಲ್ಲಿ, ಇಪ್ಪತ್ತು ತುಂಬಿತ್ತು. ಕನ್ನಡ ಊರವರದೇ.

ಅವನ ಹೆಸರನ್ನು ಮಾತ್ರ ಅವಳು ಎಂದೂ ಹಿಡಿದವಳಲ್ಲ. ಊರೆಲ್ಲ ಜಂಬಣ್ಣ ಅಂದರೆ ಅವಳು ‘ಏನ್ರೀ’ ಅನ್ನುತ್ತಿದ್ದಳು. ಹೆಸರಿನ ತುದಿಗೆ ಅಣ್ಣ ಇದೆಯಲ್ಲ, ಅದಕ್ಕೇ ಇರಬಹುದೆಂದು ಅವನು ಒಂದು ವರ್ಷದಿಂದ ಆಸೆ ಇಟ್ಟುಕೊಂಡಿದ್ದ.

ಇಬ್ಬರ ಜಗಳ ಯಾವಾಗಲೂ ಒಂದೇ.

“ಗಿಳಿ ಹಾಕು ಅಂದ್ರ ಇದೇನು ಹಾಕಿದಿ?”

“ಗಿಳಿಗಿ ಮಕಾ ಎಲ್ಲೈತ್ರೀ, ಬರೇ ಮೂಗು. ಕಣ್ಣು ದೊಡ್ಡವಿರಬೇಕು, ಮೂಗು ಇಷ್ಟಾ ಇರಬೇಕು. ಆಗ ಮುದ್ದು ಬರ್ತೈತಿ.”

“ನಮ್ಮ ಕಡಿ ಅಂಗಿ ತುಂಬ ಗಿಳಿ, ನವಿಲು ಇದ್ರನ ಚಂದ.”

“ನಿಮಗ ತುಂಬಿದ್ದು ಚಂದ, ನಮಗ ದುಂಡಗಿದ್ದದ್ದು ಚಂದ.”

ದೊಡ್ಡ ಕಣ್ಣು, ಸಣ್ಣ ಮೂಗು. ಜಂಬಣ್ಣ ಎದುರಿಗಿದ್ದ ಮುಖವನ್ನು ಒಮ್ಮೆ ನೋಡಿ, ಈ ವಾದದಲ್ಲಿ ತಾನು ಸೋತಾಯಿತು ಅಂದುಕೊಳ್ಳುತ್ತಿದ್ದ.

ಆ ಗುರುವಾರದ ಕುಲಾವಿ ಅವನ ತಂಗಿಯ ಕೂಸಿಗೆ.

“ನಮ್ಮವರು ಬಾಳ ಅಕ್ಕರಿ ಕೂಸಿಗಿ ಹಾಕೂದನ್ನ ಹಾಕೀನ್ರೀ,” ಅಂದಳು ಶೆಫಾಲಿ. “ಲಕ್ಷ್ಮಿ ಕೂಡ್ತಾಳಲ್ಲ, ಅದು. ನೋಡಿದ್ರೇನು?”

“ನೋಡಿದೆ.”

ಎರಡು ದುಂಡನೆಯ ಕಣ್ಣು ಕಂಡಿದ್ದವು. ಬೆಕ್ಕಿರಬೇಕು ಅಂದುಕೊಂಡ. ಲಕ್ಷ್ಮಿ ಬೆಕ್ಕಿನ ಮೇಲೆ ಯಾವಾಗ ಕೂತಳು ಎಂದು ಕೇಳುವಷ್ಟು ಬುದ್ಧಿ ಆಗ ಎಲ್ಲಿತ್ತು. ಪ್ರೇಮ ಕುರುಡು ಅನ್ನುತ್ತಾರೆ. ಇವನಿಗೆ ಕಣ್ಣೇನೋ ಇತ್ತು, ಅದು ಬೇರೆ ಕಡೆ ಇತ್ತು.

ತೊಟ್ಟಿಲ ಕಾರ್ಯ ಮುಗಿದ ಸಂಜೆಯೇ ಅವ್ವನ ಮುಂದೆ ಶೆಫಾಲಿಯ ಮಾತು ಎತ್ತುವುದೆಂದು ಅವನು ಗಟ್ಟಿ ಮಾಡಿಕೊಂಡಿದ್ದ. ಖುಷಿಯಲ್ಲಿದ್ದರೆ ಸಂಗಮ್ಮನ ಮನಸ್ಸು ಬೆಣ್ಣೆ.

ತೊಟ್ಟಿಲ ದಿನ ತಂಗಿ ಅಂಬಮ್ಮನ ಗಂಡನ ಮನೆಯವರು ಮಸ್ಕಿಯಿಂದ ಬಂದರು. ಸಂಗಮ್ಮ ಮೊಮ್ಮಗನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಹಚ್ಚಿದಳು. ಪಕ್ಕದ ಮನೆಯ ಆದೆಮ್ಮ ತನ್ನ ಕೂಸಿಗೂ ಹಚ್ಚು ಅಂದರೆ, “ನಾ ನಮ್ಮವರಿಗಷ್ಟ ಹಚ್ಚೂದು,” ಎಂದು ಬೆರಳನ್ನು ಗೋಡೆಗೆ ಒರೆಸಿದಳು. ಅವಳ ಪದ್ಧತಿಯೇ ಹಾಗೆ.

ಸೋದರಮಾವ ತಂದ ಕುಲಾವಿಯನ್ನು ಮಸ್ಕಿಯ ಬೀಗತಿ ಅಮರಮ್ಮ ಎತ್ತಿಕೊಂಡರು, ಬೆಳಕಿಗೆ ಹಿಡಿದರು, ಮೆಲ್ಲಗೆ ಕೆಳಗಿಟ್ಟರು.

“ಇದು ಗೂಗಿ ಐತಿ,” ಅಂದರು.

ಜೋಗುಳ ಹಾಡುತ್ತಿದ್ದವರು ನಿಲ್ಲಿಸಿದರು. ಗೂಬೆ ಹೊಕ್ಕ ಮನೆಯನ್ನೇ ಬಿಡಬೇಕು ಅನ್ನುವ ಸೀಮೆ ಇದು.

“ಕೂಸಿನ ತಲಿಮ್ಯಾಲ ಗೂಗಿ ಕುಂದ್ರಸ್ತಾರೇನ್ರೀ ಬೀಗತಿ?”

ಬೀಗರು ಹೋದ ಮೇಲೆ ಸಂಗಮ್ಮ ಮಗನ ಕಡೆ ತಿರುಗಿದಳು. “ಲೇ, ಆ ಕ್ಯಾಂಪಿನಾಕಿ ಕೆಲಸ ಇನ್ನ ನಮ್ಮ ಅಂಗಡ್ಯಾಗ ಬ್ಯಾಡ.”

ಜಂಬಣ್ಣ ಎತ್ತಬೇಕೆಂದಿದ್ದ ಮಾತನ್ನು ಬಿಟ್ಟು, ಹಾಸಿದ್ದ ಜಮಖಾನೆ ಮಡಚತೊಡಗಿದ.

ಮುಂದಿನ ಗುರುವಾರ ಶೆಫಾಲಿ ನಗುತ್ತಲೇ ಬಂದಳು. “ಕೂಸಿಗಿ ಒಪ್ಪಿತೇನ್ರೀ?”

ಅವನಿಗೆ ಸುಳ್ಳು ಹೇಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದ.

“ಅವತ್ತು ನೋಡಿದೆ ಅಂದ್ರಲ್ಲ?”

“ನೋಡಿದ್ದು ಖರೆ. ಕುಲಾವಿ ಅಲ್ಲ.”

ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ, ಮಡಚಿಯೇ ಇದ್ದ ಅಂಗಿಯನ್ನು ಮತ್ತೊಮ್ಮೆ ಮಡಚಿದಳು.

“ನಾವು ಬಂದ ಹೊಸದರಾಗ ಬೆಳದ ಬತ್ತ ಎಲ್ಲಾ ಇಲಿ ತಿಂದಿದ್ವಂತ,” ಅಂದಳು ತಲೆ ಎತ್ತದೆ. “ಗೂಗಿ ಬಂದು ಕೂಡಾಕತ್ತ ಮ್ಯಾಲ ಇಲಿ ಕಾಟ ತಪ್ಪಿತು ಅಂತ ಅಮ್ಮ ಹೇಳ್ತಾಳ. ಬತ್ತ ಕಾಯೂದು ಅದಾ. ಅದಕ್ಕ ನಮ್ಮ ಲಕ್ಷ್ಮಿ ಅದರ ಮ್ಯಾಲ ಕೂಡ್ತಾಳ. ನಾ ಕೆಟ್ಟದ್ದು ಬಯಸಿ ಹಾಕಲಿಲ್ರೀ.”

“ನನಗ ಗೊತ್ತೈತಿ. ಅವ್ವಗ ನೀನಾ ಬಂದು ಹೇಳು.”

“ಗೂಗಿ ಕಳಿಸಿದಾಕಿ ನಿಮ್ಮನಿಗಿ ಬರಬೇಕೇನು?”

“ಬರಬೇಕು. ಒಂದು ದಿನಕ್ಕಲ್ಲ. ಇರಾಕ ಬರ್ತೀಯೇನು ಅಂತ ವರ್ಷಾತು ಕೇಳಬೇಕಂತೀನಿ, ಬಾಯಿ ಬರವಲ್ದು.”

ಬತ್ತದ ಚೀಲ ಹೇರಿದ ಲಾರಿಯೊಂದು ಹಾರ್ನ್ ಹಾಕುತ್ತ ಹೋಯಿತು. ಅದು ದಾಟುವವರೆಗೆ ಶೆಫಾಲಿ ಅದರ ಕಡೆಗೇ ನೋಡಿದಳು. ಅವಳ ಕಿವಿ ಕೆಂಪಗಾಗಿತ್ತು.

“ನಿಮ್ಮವ್ವ ಒಲ್ಲೆ ಅಂದ್ರ ನಾ ಮತ್ತ ಅಂಗಡಿಗೂ ಬರೂದಿಲ್ಲ,” ಅಂದಳು. ಆಮೇಲೆ, “ನಡೀರಿ,” ಅಂದಳು.

ದಾರಿಯುದ್ದಕ್ಕೂ ಜಂಬಣ್ಣ ಎರಡು ಹೆಜ್ಜೆ ಮುಂದೆ, ಶೆಫಾಲಿ ಹಿಂದೆ ನಡೆದರು. ಮನೆ ಹೊಕ್ಕವನು ಪಡಸಾಲೆಯಲ್ಲೇ ನಿಂತುಬಿಟ್ಟ.

ಸಂಗಮ್ಮ ಬಾಗಿಲಿಗೆ ಬೆನ್ನು ಮಾಡಿ ತೊಟ್ಟಿಲ ಮುಂದೆ ಕೂತಿದ್ದಳು. ಕೈಯಲ್ಲಿ ಅದೇ ಕುಲಾವಿ.

“ಯಾರು ಬಂದ್ರು? ಗೂಗಪ್ಪ ಬಂದ. ಅಳಬ್ಯಾಡ ನಮ್ಮಪ್ಪ, ನೋಡಿಲ್ಲಿ.”

ಕೂಸು ರೆಪ್ಪೆ ಬಡಿಯದೆ ಆ ಎರಡು ಕಣ್ಣುಗಳನ್ನೇ ನೋಡುತ್ತಿತ್ತು.

“ಯವ್ವಾ,” ಅಂದ ಜಂಬಣ್ಣ.

ಸಂಗಮ್ಮ ಬೆಚ್ಚಿ ಕುಲಾವಿಯನ್ನು ಸೆರಗಿನೊಳಗೆ ಸೇರಿಸಿದಳು. ಕೂಸು ಚೀರಿಕೊಂಡಿತು. ವಿಧಿಯಿಲ್ಲದೆ ಮತ್ತೆ ಹೊರಗೆ ತೆಗೆದಳು.

“ನಾಕು ದಿನಾತು, ಇದನ್ನ ತೋರಿಸದಿದ್ರ ಸುಮ್ಮನಾಗವಲ್ದು,” ಅಂದಳು ಸಿಟ್ಟಿನಿಂದ. “ಇದನ್ನ ಹಾಕಿದಾಕಿ ನೀನೇನು?”

“ಹೌದ್ರೀ ಅಮ್ಮ.”

“ಗೂಗಿ ಅಂತ ಗೊತ್ತಿದ್ದಾ ಹಾಕಿದಿ?”

ಶೆಫಾಲಿ ಬತ್ತ, ಇಲಿ, ಲಕ್ಷ್ಮಿಯ ಕಥೆಯನ್ನು ಮತ್ತೆ ಹೇಳಿದಳು. ಸಂಗಮ್ಮನ ಹಿಂದಿನ ಕೋಣೆಯಲ್ಲೂ ಇಲಿ ಕಡಿದ ಚೀಲಗಳಿದ್ದವು. ಅವಳು ಒಮ್ಮೆ ಅತ್ತ ತಿರುಗಿ ನೋಡಿದಳು.

“ಇಲಿ ತಿಂತೈತಿ ಅನ್ನೂದೇನೋ ಖರೆ,” ಅಂದಳು ಕಡೆಗೆ. “ಆದ್ರ ನಮ್ಮ ಗಣಪ್ಪ ಇಲಿ ಮ್ಯಾಲ, ನಿಮ್ಮ ಲಕ್ಷ್ಮಿ ಗೂಗಿ ಮ್ಯಾಲ. ಇದು ಹೆಂಗ ಕೂಡ್ತೈತಿ?”

“ಇಬ್ಬರೂ ನಮ್ಮನಿ ಒಂದಾ ದೇವರ ಜಗಲಿ ಮ್ಯಾಲ ಕುಂತಾರಲ್ಲ, ಯವ್ವಾ,” ಅಂದ ಜಂಬಣ್ಣ.

ಸಂಗಮ್ಮ ಮಗನನ್ನು ನೋಡಿದಳು. ಆಮೇಲೆ ಹುಡುಗಿಯನ್ನು ನೋಡಿದಳು, ಬಹಳ ಹೊತ್ತು.

“ನೀ ಕುಲಾವಿ ಮಾತಾಡಾಕ ಬಂದಿಲ್ಲ.”

“ಇಲ್ಲ, ಯವ್ವಾ,” ಅಂದ ಮಗ.

ಸಂಗಮ್ಮ ಕುಲಾವಿಯನ್ನು ತೊಡೆಯ ಮೇಲೆ ಬಿಡಿಸಿಟ್ಟಳು. ತೊಟ್ಟಿಲ ಬದಿಗಿದ್ದ ಕಾಡಿಗೆಯ ಡಬ್ಬಿ ತೆರೆದು, ಬೆರಳು ಅದ್ದಿ, ಕಸೂತಿಯ ಗೂಬೆಯ ಕೆನ್ನೆಗೆ ಒಂದು ಬೊಟ್ಟು ಇಟ್ಟಳು. “ಮಸ್ಕಿಯವರು ಬಂದಾಗ ಒಳಮಗ್ಗಲು ತಿರುವಿ ಹಾಕ್ತೀನಿ,” ಅಂದಳು.

ಬೆರಳಿನಲ್ಲಿ ಇನ್ನೂ ಕಾಡಿಗೆ ಉಳಿದಿತ್ತು. ಈ ಸಲ ಅವಳು ಅದನ್ನು ಗೋಡೆಗೆ ಒರೆಸಲಿಲ್ಲ.

“ಬಾ ಇಲ್ಲಿ,” ಅಂದಳು.

ಶೆಫಾಲಿ ಬಾಗಿದಳು. ಅವಳ ಎಡಗೆನ್ನೆಯ ಮೇಲೆ ದುಂಡನೆಯ ಬೊಟ್ಟು ಮೂಡಿತು. ಜಂಬಣ್ಣನಿಗೆ ಕಣ್ಣು ಮಂಜಾಯಿತು. ಅದನ್ನು ಮುಚ್ಚಿಕೊಳ್ಳಲು ಏನಾದರೂ ಅನ್ನಬೇಕಿತ್ತು.

“ನನಗ ಹಚ್ಚೂದಿಲ್ಲೇನು, ಯವ್ವಾ?”

“ನಿನ್ನ ಮಕಾ ಯಾರು ನೋಡ್ತಾರ, ಬಿಡು.”

“ನಾ ನೋಡ್ತೀನ್ರೀ ಅಮ್ಮ,” ಅಂದಳು ಶೆಫಾಲಿ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಸಂಗಮ್ಮ ಮತ್ತೆ ಡಬ್ಬಿಗೆ ಬೆರಳು ಅದ್ದಿದಳು.